ಕಟ್ಟಿದವನೊಬ್ಬ, ಕೊಂಡವನೊಬ್ಬ

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಟವರಿಗೆ ಬಲಗಡೆ ಜಕ್ಕೂರಿನ ವಿಮಾನ ಮೈದಾನ ಸಿಗುತ್ತದೆ; ಇನ್ನಷ್ಟು ಮುಂದಕ್ಕೆ, ಎಡಗಡೆ, ಯಲಹಂಕದ ವಾಯುನೆಲೆ. 1996ರಲ್ಲಿ ಆರಂಭವಾದ ವೈಮಾನಿಕ ಪ್ರದರ್ಶನದಿಂದ ಯಲಹಂಕದ ಹೆಸರು ದೇಶದೇಶಗಳಿಗೆ ಹಬ್ಬಿದೆ. ಜಕ್ಕೂರಿಗೆ ಅಂಥ ಆರ್ಭಟವಿಲ್ಲ. ಅಲ್ಲಿ ಇಳಿಯುವ, ಏರುವ ವಿಮಾನಗಳು ಪುಟ್ಟವು. ಕೆಲವಂತೂ ಇಬ್ಬರು ಕುಳಿತರೆ ತುಂಬಿಹೋಗುವಷ್ಟು ಚಿಕ್ಕವು. ಈ ಪುಟ್ಟ ವಿಮಾನಗಳ ಕುಲಕ್ಕೇ ಸೇರಿದ, ಆದರೆ ಕಾರ್ಖಾನೆಯನ್ನು ಕಾಣದ ಒಂದು ಶಾಖೆಯ ವಿಚಾರವಾಗಿ ಇಂದು ಕೆಲವು ಮಾತು.

ಸ್ವಂತ ವಿಮಾನ ಎಂದೊಡನೆ ನಮಗೆ ಮಹಾರಾಜರೋ ಕೋಟ್ಯಧೀಶರೋ ನೆನಪಾಗುವುದು ಸಹಜ. ಆದರೆ ಹಿತ್ತಿಲಲ್ಲಿ, ಕಾರಿನ ಷೆಡ್ಡಿನಲ್ಲಿ, ಬಿಡುವಿನ ವೇಳೆಯಲ್ಲಿ ತಮ್ಮ ಕೈಯಾರೆ ವಿಮಾನ ಕಟ್ಟಿಕೊಂಡವರು ಪಶ್ಚಿಮ ದೇಶಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ನಮ್ಮಲ್ಲಿ ಇದು ಅಪರೂಪ. ಮುಂಬಯಿಯಲ್ಲಿ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರಿಗೆ 2019ರಲ್ಲಿ ಹಾರಾಟದ ಅನುಮತಿ ದೊರೆತಾಗ ಅದೊಂದು ದೊಡ್ಡ ಸುದ್ದಿಯೇ ಆಯಿತು.

ಈ ಹುಚ್ಚನ್ನು ಜನಸಾಮಾನ್ಯರಿಗೆ ಹಚ್ಚಿದವನು ಫ್ರಾನ್ಸಿನ ಆನ್ರಿ ಮಿನ್ಯೆ. ಮರದ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲನೆಂಬುದು ಅವನ ವಾದ. 1933ರಲ್ಲಿ ತನ್ನ 'ಆಕಾಶದ ಹೇನು' ಎಂಬ ಪುಟ್ಟ ವಿಮಾನವನ್ನು ಹಾರಿಸಿ, ಮರುವರ್ಷ ಅದನ್ನು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದ. ಜನ ಮುಗಿಬಿದ್ದರು, ಕಟ್ಟಿದರು, ಹಾರಿದರು; ಕೆಲವರು ಸತ್ತರು. ಗಾಳಿಸುರಂಗದಲ್ಲಿ ಪರೀಕ್ಷಿಸಿದಾಗ ತಿಳಿದುಬಂದದ್ದು ಇಷ್ಟು: ಮೂತಿ ಒಂದು ಮಿತಿಗಿಂತ ಕೆಳಗೆ ಬಾಗಿದರೆ, ಹಿಂದುಮುಂದಾಗಿ ಇದ್ದ ಎರಡು ರೆಕ್ಕೆಗಳ ನಡುವಿನ ಗಾಳಿಯ ಆಟದಿಂದಾಗಿ ಅದನ್ನು ಮತ್ತೆ ಮೇಲೆತ್ತುವುದು ಅಸಾಧ್ಯ. ಮೊಳೆ ಹೊಡೆದ ಕೈಗಳಲ್ಲಿ ತಪ್ಪಿರಲಿಲ್ಲ, ತಪ್ಪು ನಕ್ಷೆಯಲ್ಲೇ ಇತ್ತು.

ಅಮೆರಿಕದ ಬರ್ಟ್ ರುಟಾನ್ ಈ ಪರಂಪರೆಯ ಅತ್ಯಂತ ಪ್ರತಿಭಾವಂತ ಶಿಲ್ಪಿ. 1979ರಲ್ಲಿ ಹಾರಿದ ಅವನ 'ಲಾಂಗ್ ಈಜಿ' ನೋಡಲು ವಿಚಿತ್ರ: ಪುಟ್ಟ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ, ಎಂಜಿನ್ ಮತ್ತು ಪ್ರೊಪೆಲ್ಲರು ಬೆನ್ನಿನ ಕಡೆ. ಕಟ್ಟುವ ಕ್ರಮವೂ ಹೊಸತು. ಕಾಯಿಸಿದ ತಂತಿಯಿಂದ ಹಗುರವಾದ ಫೋಮನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ಎಳೆಯ ಬಟ್ಟೆ ಹಾಸಿ, ಎಪಾಕ್ಸಿ ಅಂಟು ಸವರುತ್ತ ಪದರದ ಮೇಲೆ ಪದರ ಹಚ್ಚಬೇಕು. ಅಚ್ಚು ಬೇಡ, ದೊಡ್ಡ ಯಂತ್ರಗಳು ಬೇಡ. ಹೆಸರಿನಲ್ಲೇ 'ಸುಲಭ' ಎಂಬ ಧ್ವನಿಯುಂಟು. ಆದರೆ ಇಲ್ಲಿ ಒಂದು ತೊಡಕು: ಒಳಪದರದಲ್ಲಿ ಗಾಳಿ ಸಿಕ್ಕಿಕೊಂಡು ಟೊಳ್ಳಾಗಿದ್ದರೆ, ಬಣ್ಣ ಬಳಿದ ಮೇಲೆ ಅದು ಯಾರ ಕಣ್ಣಿಗೂ ಬೀಳದು. ಮಡಕೆ ಕೊಳ್ಳುವವರು ತಟ್ಟಿ ನೋಡುವಂತೆ, ನಾಣ್ಯದಿಂದ ಕುಟ್ಟಿ ಸದ್ದು ಕೇಳಬೇಕು. ಕಿವಿ ಪಳಗಿರದಿದ್ದರೆ ಅದೂ ವ್ಯರ್ಥ.

ಈ ನಕ್ಷೆ ಬೆಂಗಳೂರಿಗೂ ಬಂದಿತು. ನಗರದ ಇನ್ನೊಂದು ಬದಿಯಲ್ಲಿರುವ, ಆಗ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ ಎನಿಸಿಕೊಂಡಿದ್ದ ಸಂಸ್ಥೆ ಲಾಂಗ್ ಈಜಿಯ ಆಧಾರದ ಮೇಲೆಯೇ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಆಗಿನ ನಿರ್ದೇಶಕರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಆರ್. ಎಲ್. ನರಸಿಂಹಯ್ಯನವರ ಮಗ. ಹವ್ಯಾಸಿಗಳ ಷೆಡ್ಡಿಗೆಂದು ಬರೆದ ನಕ್ಷೆಯನ್ನು ಸರ್ಕಾರದ ಪ್ರಯೋಗಾಲಯ ಕೈಗೆತ್ತಿಕೊಂಡದ್ದು ಕೆಲವರಿಗೆ ಸಣ್ಣತನವೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಹಾಸಿ, ಅಂಟಿಸಿ, ಕಲಿಯಬೇಕಾದ ವಿದ್ಯೆಯನ್ನು ಕಲಿಯಲು ಬೇರೆ ದಾರಿಯಿಲ್ಲ.

ಅದೇ ನಕ್ಷೆಯ ಇನ್ನೊಂದು ವಿಮಾನದ ಕತೆ ಬೇರೆ. ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ನುರಿತ ಪೈಲಟ್. ಹಾರಾಟದ ಅನುಭವ ಎರಡೂವರೆ ಸಾವಿರ ಗಂಟೆಗಿಂತ ಹೆಚ್ಚು. 1997ರಲ್ಲಿ ಅವರು ಬೇರೊಬ್ಬರು ಕಟ್ಟಿದ್ದ ಲಾಂಗ್ ಈಜಿಯನ್ನು ಕೊಂಡರು. ಎಡ, ಬಲ ಟ್ಯಾಂಕುಗಳ ನಡುವೆ ಇಂಧನವನ್ನು ಬದಲಿಸುವ ವಾಲ್ವು ನಕ್ಷೆಯ ಪ್ರಕಾರ ಪೈಲಟ್ಟಿನ ಕಾಲುಗಳ ನಡುವೆ ಇರಬೇಕು. ಕಟ್ಟಿದವರು ಅದನ್ನು ಎಡಭುಜದ ಹಿಂದಿನ ಗೋಡೆಗೆ ಒಯ್ದಿದ್ದರು. ಹಿಡಿಕೆಯ ಮೇಲೆ ಗುರುತಿರಲಿಲ್ಲ. ಟ್ಯಾಂಕಿನ ಮಟ್ಟ ತೋರಿಸುವ ಗಾಜಿಗೂ ಗುರುತಿರಲಿಲ್ಲ. ಹಿಡಿಕೆಗೆ ಕೈ ಎಟುಕದೆಂದು ಅದಕ್ಕೆ ಇಕ್ಕಳ ಕಚ್ಚಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಬೆನ್ನ ಹಿಂದಿನ ಮಟ್ಟವನ್ನು ನೋಡಿಕೊಳ್ಳಲು ಮೈದಾನದ ಕೆಲಸಗಾರನೊಬ್ಬ ಅವರಿಗೆ ಒಂದು ಕನ್ನಡಿ ಕೊಟ್ಟ. ಅಕ್ಟೋಬರ್ 12ರಂದು, ಪೆಟ್ರೋಲು ತುಂಬಿಸದೆ, ಅವರು ಕ್ಯಾಲಿಫೋರ್ನಿಯದ ಮಾಂಟೆರೆಯಿಂದ ಮೇಲೆದ್ದರು. ವಾಲ್ವು ತಿರುಗಿಸಲು ಮೈಯನ್ನು ಹಿಂದಕ್ಕೆ ಹೊರಳಿಸಿದಾಗ ಬಲಗಾಲು ತಾನಾಗಿ ಚುಕ್ಕಾಣಿಯ ಪೆಡಲನ್ನು ಒತ್ತಿರಬೇಕೆಂದು ತನಿಖೆ ತೀರ್ಮಾನಿಸಿತು. ವಿಮಾನ ಸಮುದ್ರಕ್ಕೆ ಬಿತ್ತು. ಪೈಲಟ್ಟಿನ ಸಿದ್ಧತೆಯ ಕೊರತೆಯ ಜೊತೆಗೆ, ವಾಲ್ವಿನ ಜಾಗವನ್ನು ಬದಲಿಸಿದ್ದನ್ನೂ ತನಿಖಾಧಿಕಾರಿಗಳು ಕಾರಣಗಳಲ್ಲಿ ಸೇರಿಸಿದರು.

ಆ ಬದಲಾವಣೆಯೇನೂ ಮೂರ್ಖತನದ್ದಲ್ಲ. ಕೂರುವ ಜಾಗದಲ್ಲಿ ಪೆಟ್ರೋಲಿನ ಕೊಳವೆ ಬೇಡ, ಬೆಂಕಿಯ ಭಯ ಎಂಬುದು ಕಟ್ಟಿದವರ ಯೋಚನೆ. ಆ ವಾಲ್ವು ಎಲ್ಲಿದೆ, ಏಕಿದೆ, ಹೇಗೆ ತಿರುಗುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ವಿಮಾನ ಕೈ ಬದಲಾಯಿಸಿದಾಗ ಕಾಗದಪತ್ರಗಳು ಹೊಸ ಯಜಮಾನನಿಗೆ ಬಂದವು; ಆ ಕೈಯ ತಿಳಿವಳಿಕೆ ಬರಲಿಲ್ಲ. ಅಮೆರಿಕದ ಅಂದಿನ ನಿಯಮವೂ ಈ ಭೇದವನ್ನು ಬಲ್ಲದು: ವರ್ಷಕ್ಕೊಮ್ಮೆ ವಿಮಾನವನ್ನು ಪರೀಕ್ಷಿಸಿ ಸಹಿ ಹಾಕುವ ಅಧಿಕಾರವನ್ನು ಕಟ್ಟಿದವನಿಗೆ ಕೊಡುತ್ತಿತ್ತು, ಅವನಿಂದ ಕೊಂಡವನಿಗೆ ಕೊಡುತ್ತಿರಲಿಲ್ಲ. ಕೊಂಡವನು ಲೈಸೆನ್ಸುಳ್ಳ ಮೆಕ್ಯಾನಿಕ್ಕನ್ನು ಕರೆತರಬೇಕಿತ್ತು. ವಿಚಿತ್ರವೆಂದರೆ ದಿನನಿತ್ಯದ ರಿಪೇರಿಯನ್ನು ಯಾರು ಬೇಕಾದರೂ ಮಾಡಬಹುದಿತ್ತು. ಸ್ಪ್ಯಾನರು ಹಿಡಿಯಲು ಬಾರದ ಯಜಮಾನನಿಗೆ ಇದಕ್ಕಿಂತ ಅಪಾಯದ ಸ್ವಾತಂತ್ರ್ಯ ಬೇರೊಂದಿಲ್ಲ.

ಹಾಗೆಂದು ಯಂತ್ರ ಬಲ್ಲವನೇ ವಿಮಾನವಿಟ್ಟುಕೊಳ್ಳಬೇಕೆ? ಹಾಗೇನೂ ಇಲ್ಲ, ವೀಣೆಯನ್ನು ಕೊರೆಯಲು ಬಲ್ಲವನೇ ವೀಣೆ ನುಡಿಸಬೇಕೆಂದು ಯಾರೂ ವಿಧಿಸಿಲ್ಲ. ತನ್ನ ಕೈಗೆ ಬಾರದ್ದನ್ನು ಬಲ್ಲವರಿಗೆ ಒಪ್ಪಿಸಿ, ಹತ್ತಿರ ನಿಂತು ನೋಡಿ, ಏನು ಬದಲಾಗಿದೆಯೆಂದು ಕೇಳಿ ಬರೆದಿಟ್ಟುಕೊಳ್ಳುವ ಯಜಮಾನನಿದ್ದರೆ ಸಾಕು.

ನಮ್ಮ ಊರು ಈ ವ್ಯವಹಾರದ ಮಾರುವ ಕಡೆಯಲ್ಲೂ ನಿಂತಿದೆ. ಬೆಂಗಳೂರಿನ ರಾಜಹಂಸ ಸಂಸ್ಥೆಯಲ್ಲಿ ತಯಾರಾದ 'ಎಕ್ಸ್ ಏರ್' ಎಂಬ ಹಗುರ ವಿಮಾನದ ಬಿಡಿಭಾಗಗಳು ಫ್ರಾನ್ಸ್, ಬ್ರಿಟನ್ನುಗಳ ಹವ್ಯಾಸಿಗಳ ಮನೆ ಸೇರಿ ಅಲ್ಲಿ ವಿಮಾನಗಳಾದವು. ಮಿನ್ಯೆಯ ನಾಡಿನವರು ಇಲ್ಲಿನ ಕೊಳವೆ, ಬಟ್ಟೆಗಳನ್ನು ಜೋಡಿಸಿಕೊಂಡು ಹಾರಿದರು.

ಇತ್ತ ಪ್ರಯೋಗಾಲಯದಲ್ಲಿ ಪದರ ಹಚ್ಚುವ ವಿದ್ಯೆ ವ್ಯರ್ಥವಾಗಲಿಲ್ಲ. 1993ರ ನವೆಂಬರಿನಲ್ಲಿ ಇಬ್ಬರು ಕೂರುವ 'ಹಂಸ' ಹಾರಿತು. 2000ದಲ್ಲಿ ಅದರ ಮುಂದಿನ ರೂಪಕ್ಕೆ ಪ್ರಮಾಣಪತ್ರ ದೊರೆಯಿತು. ಹಂಸದ ಮೈಯೂ ಗಾಜಿನ ಎಳೆ, ಅಂಟುಗಳದೇ. ಆದರೆ ಪ್ರಮಾಣಪತ್ರ ಪಡೆದ ವಿಮಾನದಲ್ಲಿ ಒಂದು ವಾಲ್ವನ್ನು ಅತ್ತಿತ್ತ ಸರಿಸಬೇಕಾದರೂ ಅಪ್ಪಣೆ ಬೇಕು, ಅದು ದಾಖಲೆಯಾಗಬೇಕು. ಹಾರಾಟ ಶಾಲೆಯೊಂದರಲ್ಲಿ ಮೊದಲ ಬಾರಿಗೆ ಹಂಸವನ್ನು ಹತ್ತಿದ ವಿದ್ಯಾರ್ಥಿಗೆ ಅದನ್ನು ಕಟ್ಟಿದವರ ಗುರುತಿಲ್ಲ. ಅವನು ನೋಡುವುದು ದಿನಚರಿಯ ಪುಸ್ತಕದಲ್ಲಿ, ಆ ದಿನದ ತಾರೀಖಿನ ಎದುರು, ಲೈಸೆನ್ಸು ಪಡೆದ ಇಂಜಿನಿಯರೊಬ್ಬರು ಮಾಡಿದ ಸಹಿಯನ್ನು.