ಸಂಘದಿಂದ ಸಂಶೋಧನೆಗೆ: ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವ್ಯಾಸಂಗದ ಒಂದು ಎಳೆ

ವಿಶ್ವವಿದ್ಯಾನಿಲಯದ ಸಂಶೋಧನೆ ಬೇರೆ, ಅಲ್ಲಿ ನಡೆಯುವ ಸಾಂಸ್ಕೃತಿಕ ಸಮಾರಂಭಗಳು ಬೇರೆ ಎಂದು ಎಣಿಸುವುದು ಈಗ ರೂಢಿಯಾಗಿದೆ. ಮೊದಲನೆಯದು ವಿದ್ವಾಂಸರ ಗಂಭೀರ ವ್ಯವಸಾಯ, ಎರಡನೆಯದು ವಿದ್ಯಾರ್ಥಿಗಳ ವಿನೋದ ಎಂಬ ಭಾವನೆ ಅಧ್ಯಾಪಕರಲ್ಲಿಯೂ ಬೇರೂರಿದೆ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಐವತ್ತು ವರ್ಷಗಳ ಕನ್ನಡ ವ್ಯಾಸಂಗವನ್ನು ಪರಿಶೀಲಿಸಿದರೆ ಈ ವಿಭಾಗಕ್ಕೆ ಆಧಾರ ಸಾಲದೆಂದು ನಮಗೆ ತೋರುತ್ತದೆ. ಅದನ್ನು ಸಂಕ್ಷೇಪವಾಗಿ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1916ರ ಜುಲೈ 27ರಂದು. ಅದಕ್ಕೆ ಮೊದಲು ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಆ ವೇಳೆಗೆ ನಾಡಿನಲ್ಲಿ ಸಂಶೋಧನೆ ಇರಲಿಲ್ಲವೆಂದು ಹೇಳುವಂತಿಲ್ಲ. ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳನ್ನು ಹೊರತಂದಿದ್ದರು. 1891ರಲ್ಲಿ ಹುಟ್ಟಿದ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ, 1909ರಲ್ಲಿ ಮೂಲವನ್ನು ಮುದ್ರಿಸಿದ್ದರು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿಯೇ ಬಂದಿತ್ತು. ಆದರೆ ಇವೆಲ್ಲವೂ ಬಹುಮಟ್ಟಿಗೆ ಸರ್ಕಾರದ ಇಲಾಖೆಗಳ ಮತ್ತು ಕೆಲವೇ ಪಂಡಿತರ ಪರಿಶ್ರಮದ ಫಲಗಳು. ಕಾಲೇಜಿನ ತರಗತಿಗೂ ಈ ಸಾಮಗ್ರಿಗೂ ನಿಕಟವಾದ ಸಂಬಂಧ ಏರ್ಪಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಬರೆದು ಪದವಿ ಪಡೆಯುತ್ತಿದ್ದ ತರುಣನಿಗೆ ಶಾಸನವಾಗಲಿ ಹಳಗನ್ನಡ ಕಾವ್ಯವಾಗಲಿ ತನ್ನ ವಿದ್ಯೆಯ ಭಾಗವೆಂದು ಅನ್ನಿಸಲು ಅವಕಾಶ ಕಡಮೆಯಿತ್ತು.

ಈ ಕಂದರಕ್ಕೆ ಮೊದಲ ಸೇತುವೆ ಹಾಕಿದುದು ಒಂದು ಸಂಘ. ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 1919ರಲ್ಲಿ ಪ್ರಬುದ್ಧ ಕರ್ಣಾಟಕವೆಂಬ ತ್ರೈಮಾಸಿಕವನ್ನು ಆರಂಭಿಸಿತು; ಮುಂದೆ ವಿಶ್ವವಿದ್ಯಾನಿಲಯವೇ ಅದರ ಭಾರವನ್ನು ವಹಿಸಿಕೊಂಡಿತು. ಪತ್ರಿಕೆಯೊಂದು ಕ್ರಮವಾಗಿ ನಡೆಯಬೇಕಾದರೆ ಬರೆಯುವವರು ಬೇಕು, ಬರೆದುದನ್ನು ತಿದ್ದುವವರು ಬೇಕು, ಓದಿ ಆಕ್ಷೇಪಿಸುವವರೂ ಬೇಕು. ಕವಿಯ ಕಾಲವೇನು, ಪಾಠ ಶುದ್ಧವೆ, ಶಬ್ದದ ಅರ್ಥ ಹೀಗೆಯೇ ಏಕೆ ಎಂಬ ಪ್ರಶ್ನೆಗಳು ಅಚ್ಚಿನ ಮುಂದೆ ನಿಂತಾಗ ತಪ್ಪದೆ ಏಳುತ್ತವೆ. ಸಂಶೋಧನೆಯ ಶಿಸ್ತು ಬೇರೆ ಯಾವುದು?

ಈ ಬಳಗದಲ್ಲಿ ಕನ್ನಡದ ಅಧ್ಯಾಪಕರು ಮಾತ್ರವೇ ಇರಲಿಲ್ಲ. ಅದೇ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ವಿಜ್ಞಾನವೆಂಬ ಕನ್ನಡ ಪತ್ರಿಕೆಗೆ ಕೈಹಾಕಿದರು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಪ್ರಕಟಿಸಿದ ಪಂಪಭಾರತದ ಪರಿಷ್ಕರಣದಲ್ಲಿಯೂ ಅವರೇ ಮುಂದಾಳಾಗಿದ್ದರು. ಇಂಗ್ಲಿಷಿನ ಅಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾಡಿದ ಭಾಷಣ ಪ್ರಸಿದ್ಧವಾದುದು. ಸಭೆಯಲ್ಲಿ ಆಡಿದ ಆ ಮಾತು ಹದಿನಾರು ವರ್ಷಗಳ ಮೇಲೆ ಪಾಠಕ್ರಮವಾಗಿ ಪರಿಣಮಿಸಿತೆಂದರೆ ತಪ್ಪಾಗದು. 1927ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಟಿ. ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿ ಅಲ್ಲಿ ಓದಿದವರಲ್ಲಿ ಕೆ. ವಿ. ಪುಟ್ಟಪ್ಪನವರು ಮಹಾಕವಿಗಳಾದರು, ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ವಡ್ಡಾರಾಧನೆಯನ್ನು ಸಂಪಾದಿಸಿ, ಗ್ರಂಥಸಂಪಾದನೆಯ ಶಾಸ್ತ್ರಕ್ಕೇ ಆಚಾರ್ಯರಾದರು. ಸೃಷ್ಟಿಕಾರ್ಯವೂ ಶೋಧಕಾರ್ಯವೂ ಒಂದೇ ಗುರುವಿನ ಬಳಿ ಬೆಳೆದುದನ್ನು ಇಲ್ಲಿ ಗಮನಿಸಬೇಕು.

1933ರಲ್ಲಿ ಪ್ರಸಾರಾಂಗವು ಸ್ಥಾಪನೆಯಾದಾಗ ಈ ಪರಂಪರೆಗೆ ಮತ್ತೊಂದು ಮುಖ ದೊರೆಯಿತು. ಅಧ್ಯಾಪಕರು ಊರೂರಿಗೆ ಹೋಗಿ ತಮ್ಮ ತಮ್ಮ ಶಾಸ್ತ್ರಗಳನ್ನು ಕನ್ನಡದಲ್ಲಿ ತಿಳಿಯಹೇಳುವುದು, ಆ ಉಪನ್ಯಾಸಗಳನ್ನು ಕಿರುಹೊತ್ತಗೆಗಳಾಗಿ ಅಚ್ಚುಮಾಡುವುದು ಅದರ ಕಾರ್ಯಕ್ರಮ. ಇದನ್ನು ಕೇವಲ ಪ್ರಚಾರವೆಂದು ಕೀಳುಮಾಡಲಾಗದು. ರೈತನೆದುರು ನಿಂತು ಅರ್ಥಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ವಿವರಿಸಹೊರಟ ವಿದ್ವಾಂಸನಿಗೆ ತನ್ನ ಪರಿಭಾಷೆಯ ಬಡತನ ಮೊದಲು ಗೋಚರಿಸುತ್ತದೆ. 1946ರಲ್ಲಿ ಪ್ರಕಟವಾದ ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಇಂಥ ಬಡತನವನ್ನು ನೀಗಿಸುವ ಪ್ರಯತ್ನವೆಂದೇ ನಾವು ಭಾವಿಸುತ್ತೇವೆ. ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಕನ್ನಡದ ಲಿಖಿತ ಇತಿಹಾಸವನ್ನು ಸುಮಾರು ಕ್ರಿ.ಶ. 450ರವರೆಗೆ ಒಯ್ದ ಆ ಕಲ್ಲು ದೊರೆತುದು ಗ್ರಂಥಾಲಯದಲ್ಲಲ್ಲ, ಹಳ್ಳಿಯಲ್ಲಿ.

ಈ ಪರಂಪರೆಯಲ್ಲಿ ಕೊರತೆಗಳು ಇರಲಿಲ್ಲವೆಂದಲ್ಲ. ಆರಂಭದ ಸಂಘಗಳು ಅಕ್ಷರಸ್ಥರ ಕಿರಿದಾದ ವಲಯದವು. ಓಲೆಗರಿಗೂ ಶಾಸನಕ್ಕೂ ಸಂದ ಗೌರವ ಒಕ್ಕಲಿನ ಹಾಡಿಗೆ, ಕುಶಲಕರ್ಮಿಯ ಕೈಕೆಲಸಕ್ಕೆ ಬಹುಕಾಲ ಸಲ್ಲಲಿಲ್ಲ. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರ ಕಾಲದಲ್ಲಿ ಮಾನಸಗಂಗೋತ್ರಿಯ ಕಲ್ಪನೆ ರೂಪುಗೊಂಡಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. 1968ರಲ್ಲಿ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. ನೇಗಿಲು, ಬೀಸುಕಲ್ಲು, ತೊಗಲುಗೊಂಬೆಗಳು ವ್ಯಾಸಂಗದ ವಸ್ತುಗಳಾದುದು ಈ ಕೊರತೆಗೆ ತಡವಾಗಿಯಾದರೂ ದೊರೆತ ಪರಿಹಾರ. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಆವೃತ್ತಿಯನ್ನು ಅದೇ ಅಧ್ಯಯನ ಸಂಸ್ಥೆಯು 1972ರಿಂದ ಹೊರತರತೊಡಗಿತು.

ಇದರಿಂದ ನಾವು ತೆಗೆಯುವ ನಿರ್ಣಯ ಇಷ್ಟು: ಸಂಘ, ಪತ್ರಿಕೆ, ಉಪನ್ಯಾಸ, ಪ್ರದರ್ಶನ ಇವು ಸಂಶೋಧನೆಯ ಅಲಂಕಾರಗಳಲ್ಲ, ಅದರ ಬಿತ್ತನೆಯ ನೆಲ. ಈಗಲೂ ವರ್ಷಂಪ್ರತಿ ಸಮಾರಂಭಗಳು ನಡೆಯುತ್ತಿವೆ, ಪ್ರಬಂಧಗಳೂ ಸಿದ್ಧವಾಗುತ್ತಿವೆ. ಸಮಾರಂಭ ಮುಗಿದ ಮರುದಿನ ಉಳಿಯುವುದು ಹಾರಗಳು ಮಾತ್ರವಾದರೆ, ಪ್ರಬಂಧವನ್ನು ಪರೀಕ್ಷಕನ ಹೊರತು ಮತ್ತಾರೂ ಓದದಿದ್ದರೆ, ಎರಡೂ ಬಂಜೆಯಾಗುತ್ತವೆ. ಪ್ರತಿಯೊಂದು ಕಾಲೇಜಿನ ಕನ್ನಡ ಸಂಘವೂ ವರ್ಷಕ್ಕೊಂದು ಊರನ್ನು ಆರಿಸಿಕೊಂಡು, ಅಲ್ಲಿನ ಶಾಸನ, ಹಾಡು, ಆಚರಣೆಗಳನ್ನು ಬರೆದುಕೊಂಡು ಬಂದು, ತಾನು ಕಂಡುದನ್ನು ಆ ಊರಿನವರೆದುರಿಗೇ ಓದಿ ಹೇಳಲಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಇದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ; 1919ರಲ್ಲಿ ಒಂದು ಕಾಲೇಜಿನ ಸಂಘಕ್ಕಿದ್ದಂಥ ಮನಸ್ಸು.