ನೋಟಿಸು, ವಾಯಿದೆ ಮತ್ತು ಐದು ವರ್ಷದ ಗೆರೆ



ಮೊನ್ನೆ ನನ್ನ ಚಿಕ್ಕಮ್ಮನ ಮಗಳ ಜೊತೆ ಫ್ಯಾಮಿಲಿ ಕೋರ್ಟಿಗೆ ಹೋಗಿದ್ದೆ. ಗಂಡ ಮಗುವನ್ನ ಎತ್ಕೊಂಡು ಹೋಗಿ ಎಂಟು ತಿಂಗಳಾಯ್ತು. (ಅವನೂ ನಮ್ಮವನೇ, ಮುಚ್ಚಿಟ್ಟು ಪ್ರಯೋಜನ ಇಲ್ಲ.) ಇವಳು ಅರ್ಜಿ ಹಾಕಿದಾಗ ಮಗುಗೆ ನಾಲ್ಕೂವರೆ ವರ್ಷ. ಮೊದಲ ನೋಟಿಸು ‘ಮನೆ ಬೀಗ ಹಾಕಿದೆ’ ಅನ್ನೋ ಷರಾದೊಂದಿಗೆ ವಾಪಸ್ ಬಂತು. ಎರಡನೆಯದು ‘ಊರಲ್ಲಿಲ್ಲ’. ಮೂರನೆಯದು ತಲುಪಿತು, ತಕ್ಷಣ ಅವನ ವಕೀಲರು ತಕರಾರು ಸಲ್ಲಿಸೋಕೆ ವಾಯಿದೆ ಕೇಳಿದರು. ಆಮೇಲೆ ಇನ್ನೊಂದು ವಾಯಿದೆ. ಈಗ ಮಗುಗೆ ಐದು ದಾಟಿದೆ.

ಇಪ್ಪತ್ತು ವರ್ಷದಿಂದ ಆಫೀಸಲ್ಲಿ ಟಪಾಲು ರಿಜಿಸ್ಟರ್ ಬರೆಯೋ ಗುಮಾಸ್ತ ನಾನು. ಒಂದು ಕಾಗದ ತಲುಪದ ಹಾಗೆ ನೋಡ್ಕೊಳ್ಳೋದೂ ಒಂದು ಕೆಲಸ ಅಂತ ಚೆನ್ನಾಗಿ ಗೊತ್ತು.

ಮಗು ಯಾರ ಬಳಿ ಇರಬೇಕು ಅನ್ನೋ ವ್ಯಾಜ್ಯಗಳಿಗೆ ಇವತ್ತಿಗೂ ಆಧಾರ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, ಬ್ರಿಟಿಷರ ಕಾಲದ್ದು. ಅದರ 11ನೇ ಸೆಕ್ಷನ್ ಪ್ರಕಾರ ತಂದೆತಾಯಿಗೆ, ಮಗುವನ್ನ ಇಟ್ಕೊಂಡವರಿಗೆ ನೋಟಿಸು ಹೋಗಬೇಕು. ಹೇಗೆ ಜಾರಿ ಮಾಡಬೇಕು ಅಂತ ಹೇಳೋದು ಸಿವಿಲ್ ಪ್ರೊಸೀಜರ್ ಕೋಡ್. 1908ರ ಕೋಡ್‌ನಲ್ಲಿ ಒಂದು ಮಾತಿತ್ತು: ಪ್ರತಿವಾದಿ ಸಿಗದಿದ್ದರೆ ಮನೆಯಲ್ಲಿರೋ ವಯಸ್ಕ *ಗಂಡಸಿಗೆ* ಸಮನ್ಸ್ ಕೊಡಬಹುದು. 1976ರ ತಿದ್ದುಪಡಿ ಬರೋವರೆಗೂ ಹೆಂಗಸಿನ ಕೈಗೆ ಕೊಟ್ಟರೆ ಅದು ಲೆಕ್ಕಕ್ಕಿಲ್ಲ! ಇನ್ನು ನಮ್ಮಜ್ಜ ಹೇಳ್ತಿದ್ದದ್ದು ಬೇರೆ. ಅಮೀನ ಕೇರಿಯೊಳಗೆ ಕಾಲೇ ಇಡ್ತಿರಲಿಲ್ಲವಂತೆ, ಚಾವಡಿಯಲ್ಲಿ ಕೂತು ನಮ್ಮೋರನ್ನ ಕೂಗಿಸ್ತಿದ್ದನಂತೆ.

ಹಿಂದೂ ಕೋಡ್ ಬಿಲ್ ತಡೆದಿದ್ದಕ್ಕೆ 1951ರಲ್ಲಿ ಬಾಬಾಸಾಹೇಬರು ಮಂತ್ರಿಗಿರಿ ಬಿಟ್ಟರು. ಆಮೇಲೆ ಅದು ತುಂಡುತುಂಡಾಗಿ ಪಾಸಾಯ್ತು. 1956ರ ಪೋಷಕತ್ವದ ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿ ಅಪ್ಪ ಮೊದಲು, ‘ಅವನ ನಂತರ’ ತಾಯಿ. ಆ ‘ನಂತರ’ಕ್ಕೆ ಅಪ್ಪ ಸತ್ತ ಮೇಲೆ ಅಂತ ಮಾತ್ರ ಅರ್ಥ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳೋಕೆ 1999 ಆಗಬೇಕಾಯ್ತು, ಗೀತಾ ಹರಿಹರನ್ ಕೇಸಿನಲ್ಲಿ. ಅದೇ ಸೆಕ್ಷನ್ನಿನಲ್ಲಿ ತಾಯಿಗೆ ಸಿಕ್ಕ ಒಂದೇ ಹಿಡಿ ಮಣ್ಣು: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು.

ಈಗ ಗೊತ್ತಾಯ್ತಾ ಬೀಗ ಯಾಕೆ ಬಿತ್ತು ಅಂತ?

ಐದು ದಾಟಿದ ಕೂಡ್ಲೇ ತಾಯಿ ಹಕ್ಕು ಹೋಗಲ್ಲ, ಮಗುವಿನ ಹಿತವೇ ಮುಖ್ಯ. ಆದ್ರೆ ವಾದ ಬದಲಾಗುತ್ತೆ. ‘ಮಗು ಇಲ್ಲೇ ಒಗ್ಗಿಕೊಂಡಿದೆ ಸ್ವಾಮಿ’ ಅಂತಾರೆ. ಒಗ್ಗಿಸಿದ್ದು ವಾಯಿದೆ. ಒಬ್ಬರಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಅನ್ನೋ ನಿಯಮ 2002ರಿಂದ ಇದೆ, ಅಪವಾದಗಳಿಗೂ ಜಾಗ ಇದೆ. ಕೂಲಿ ಬಿಟ್ಟು ಬರಲಾಗದೆ ನಮ್ಮೋರೂ ವಾಯಿದೆ ಕೇಳ್ತಾರೆ, ಅದನ್ನ ತಪ್ಪು ಅನ್ನಲಾರೆ. ಕಾರಣವನ್ನ ಬರವಣಿಗೆಯಲ್ಲಿ ಕೊಡಿ ಅಷ್ಟೇ.

12ನೇ ಸೆಕ್ಷನ್ ಅಡಿ ಮಗುವನ್ನ ಹಾಜರುಪಡಿಸಿ, ತಾತ್ಕಾಲಿಕವಾಗಿ ಒಪ್ಪಿಸಿ ಅಂತ ಕೇಳಬಹುದು. ನಾವು ಮೊದಲ ದಿನವೇ ಕೇಳಲಿಲ್ಲ, ಅದು ನನ್ನ ತಪ್ಪೂ ಹೌದು. ಮೊನ್ನೆ ಹಾಕಿಸಿದ್ವಿ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನ ಕೊಡಬೇಕು ಅಂತ 1987ರ ಕಾಯ್ದೆ ಹೇಳುತ್ತೆ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಮುಂದಿನ ವಾಯಿದೆ ಹದಿನೆಂಟಕ್ಕೆ. ಮಗಳಿಗೆ ಅಂತ ಅವಳು ತಂದಿದ್ದ ಚಪ್ಪಲಿ ಇನ್ನೂ ಬ್ಯಾಗಲ್ಲೇ ಇದೆ. ಹಳೇ ಅಳತೆಯದು.