ಕರ್ನಾಟಕದಲ್ಲಿ ಸಾರ್ವಜನಿಕ ಉಪನ್ಯಾಸ ಮತ್ತು ಚರ್ಚೆ

ಸಮಾಜ ಮತ್ತು ರಾಜಕೀಯದ ದೊಡ್ಡ ಪ್ರಶ್ನೆಗಳನ್ನು ಜನರ ಮುಂದೆ ಮಾತಿಗಿಡುವ ಆಧುನಿಕ ಪದ್ಧತಿ ಕನ್ನಡ ನಾಡಿನಲ್ಲಿ ಬೇರೂರಿದ್ದು 19ನೇ ಶತಮಾನದ ಕೊನೆಯ ದಶಕಗಳಲ್ಲಿ. ಸಭೆ ಕರೆದವರು ಬಹುಪಾಲು ತಿಳಿಹೇಳುವ ಉದ್ದೇಶದಿಂದಲೇ ಕರೆದರು. ಅಲ್ಲಿ ನಿಜವಾದ ವಾಗ್ವಾದ ಹುಟ್ಟಿದ್ದು ವೇದಿಕೆ ಸಿಗದವರು ಅದನ್ನು ಕೇಳಿದಾಗ, ಇಲ್ಲವೇ ತಮ್ಮದೇ ವೇದಿಕೆ ಕಟ್ಟಿಕೊಂಡಾಗ. 12ನೇ ಶತಮಾನದ ಅನುಭವ ಮಂಟಪವೇ ಇದಕ್ಕೆ ಮೂಲವಲ್ಲವೇ ಎಂಬ ಆಕ್ಷೇಪ ಸಹಜ. ಶರಣರ ವಚನಗಳಲ್ಲಿ ಪ್ರಶ್ನೆಯ ಹರಿತ ಇರುವುದು ನಿಜ. ಆದರೆ ಅವರ ಸಂವಾದವನ್ನು ಸಭೆಯ ರೂಪದಲ್ಲಿ ಕಟ್ಟಿಕೊಡುವ ಶೂನ್ಯಸಂಪಾದನೆ 15ನೇ ಶತಮಾನದ ಸಂಕಲನ. ಆದರ್ಶವಾಗಿ ಅದರ ಪ್ರಭಾವ ದೊಡ್ಡದಾದರೂ, ಅಲ್ಲಿಂದ ಇಂದಿನ ಸಭೆಗಳವರೆಗೆ ಕಡಿಯದ ಪರಂಪರೆಯಿದೆ ಎಂದು ತೋರಿಸುವುದು ಕಷ್ಟ. ಕರಾವಳಿಯ ತಾಳಮದ್ದಳೆ ಇನ್ನೊಂದು ಉದಾಹರಣೆ. ಪುರಾಣದ ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಅಲ್ಲಿ ಮಾತಿಗೆ ಮಾತು ಕೊಟ್ಟು ಧರ್ಮಸೂಕ್ಷ್ಮಗಳನ್ನು ಬಿಡಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾದವನ್ನು ಕೇಳಲು ರಾತ್ರಿಯಿಡೀ ಕೂರುವ ಜನರಿದ್ದರು. ಆದರೂ ಪ್ರಸಂಗದ ಕೊನೆ ಮೊದಲೇ ಗೊತ್ತಿರುತ್ತದೆ. ವಾಲಿವಧೆಯ ಪ್ರಸಂಗದಲ್ಲಿ ರಾಮ, ವಾಲಿ ಯಾರೇ ವಾದ ಗೆದ್ದರೂ ವಾಲಿ ಸಾಯಲೇಬೇಕು.

ಆಧುನಿಕ ಸಭೆಯ ಮೊದಲ ದೊಡ್ಡ ಮಾದರಿ 1881ರ ಮೈಸೂರು ಪ್ರಜಾಪ್ರತಿನಿಧಿ ಸಭೆ. ದಿವಾನ ರಂಗಾಚಾರ್ಲು ಆರಂಭಿಸಿದ ಈ ಸಭೆಗೆ ಮೊದಲ ವರ್ಷ 144 ಮಂದಿ ಬಂದಿದ್ದರು. ದಸರಾ ವೇಳೆಗೆ ಸೇರುತ್ತಿದ್ದ ಸದಸ್ಯರ ಮುಂದೆ ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು. ಸದಸ್ಯರು ಕೆರೆ, ಕಂದಾಯ, ರಸ್ತೆಗಳ ಬಗ್ಗೆ ಅಹವಾಲು ಹೇಳಿಕೊಳ್ಳುತ್ತಿದ್ದರು. ಮತಕ್ಕೆ ಹಾಕಿ ತೀರ್ಮಾನಿಸುವ ಅಧಿಕಾರ ಅವರಿಗಿರಲಿಲ್ಲ, ಶಾಸನಬದ್ಧ ಸ್ಥಾನ ದೊರೆತದ್ದು 1923ರಲ್ಲಿ. ಇದನ್ನು ಬರೀ ದರ್ಬಾರು ಎಂದು ತಳ್ಳಿಹಾಕುವವರಿದ್ದಾರೆ. ಆ ಮಾತು ಪೂರ್ತಿ ಸರಿಯಲ್ಲ. ಸರ್ಕಾರ ವರ್ಷಕ್ಕೊಮ್ಮೆ ಪ್ರಜೆಗಳೆದುರು ಲೆಕ್ಕ ಒಪ್ಪಿಸಬೇಕು ಎಂಬ ರೂಢಿ ಬಿದ್ದದ್ದೇ ಇಲ್ಲಿ. ಬ್ರಿಟಿಷ್ ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಪರಿಸ್ಥಿತಿ ಬೇರೆಯಿತ್ತು. ಪುಣೆಯಲ್ಲಿ ರಾನಡೆಯವರು 1875ರಲ್ಲಿ ಆರಂಭಿಸಿದ ವಸಂತ ವ್ಯಾಖ್ಯಾನಮಾಲೆಯಂಥ ಮಾದರಿಗಳು ಕಣ್ಣೆದುರಿಗಿದ್ದವು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಭಾಷೆಯೇ ರಾಜಕೀಯ ಪ್ರಶ್ನೆಯಾಗಿತ್ತು. ಏಕೀಕರಣದ ಮಾತು ಬೆಳೆದದ್ದು ಇಂಥ ಸಭೆಗಳಲ್ಲಿ.

ನಂತರದ ಅರ್ಧ ಶತಮಾನ ಉಪನ್ಯಾಸದ ಕಾಲ. 1915ರಲ್ಲಿ ಸಾಹಿತ್ಯ ಪರಿಷತ್ತು ಬಂತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಊರೂರಿಗೆ ಹೋಗಿ, ಆಮೇಲೆ ಕಿರುಹೊತ್ತಗೆಗಳಾಗಿ ಮನೆ ಸೇರಿದವು. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಎಚ್. ನರಸಿಂಹಯ್ಯನವರ ಮುಂದಾಳತ್ವದಲ್ಲಿ 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಶುರುವಾದ ಬೆಂಗಳೂರು ಸೈನ್ಸ್ ಫೋರಂ ಪ್ರತಿ ಬುಧವಾರ ಉಪನ್ಯಾಸ ನಡೆಸುತ್ತ ಬಂತು. ಇವು ಒಂದು ತಾಳ್ಮೆಯ ಶ್ರೋತೃವರ್ಗವನ್ನು ಬೆಳೆಸಿದವು. ಆದರೆ ಕನ್ನಡ ಸಭೆಯ ನಡಾವಳಿಯನ್ನೇ ಸ್ವಲ್ಪ ಗಮನಿಸಬೇಕು: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಮುಖ್ಯ ಅತಿಥಿಯ ಮಾತು, ಕಟ್ಟಕಡೆಗೆ ಅಧ್ಯಕ್ಷ ಭಾಷಣ, ಅದರ ಬೆನ್ನಿಗೇ ವಂದನಾರ್ಪಣೆ. ಅಧ್ಯಕ್ಷರ ಮಾತಿಗೆ ಎದುರು ಹೇಳಲು ಜಾಗವೇ ಉಳಿಯುವುದಿಲ್ಲ. ಸಮಯವಿದ್ದರೆ ಮಾತ್ರ ಪ್ರಶ್ನೋತ್ತರ, ಅದೂ ಹಲವೆಡೆ ಚೀಟಿಯ ಮೂಲಕ. ಯಾವ ಚೀಟಿ ಓದಬೇಕೆಂಬುದು ಸಂಘಟಕರ ಕೈಯಲ್ಲಿ. ಈ ಕ್ರಮದ ಹಿಂದೆ ಕೆಟ್ಟ ಉದ್ದೇಶವೇನೂ ಇರಲಾರದು, ಪರಿಣಾಮ ಮಾತ್ರ ಸ್ಪಷ್ಟ.

1973ರ ನವೆಂಬರಿನಲ್ಲಿ ಈ ಶಿಸ್ತು ಒಡೆಯಿತು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು, ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ವಿದ್ಯಾರ್ಥಿಗಳ ಪ್ರತಿಭಟನೆ ಊರೂರಿಗೆ ಹಬ್ಬಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ಸ್ಥಾನ ಬಿಡಬೇಕಾಯಿತು. ಇದು ಗಲಭೆ, ಇದನ್ನು ಚರ್ಚೆಯ ಚರಿತ್ರೆಗೆ ಸೇರಿಸುವುದೇಕೆ ಎಂದು ಕೇಳಬಹುದು. ಬೀದಿಯಲ್ಲಿ ನಡೆದದ್ದು ಗಲಭೆಯೇ ಹೌದು. ಆದರೆ ಕನ್ನಡ ಸಾಹಿತ್ಯ ಯಾರ ಬದುಕನ್ನು ಹೇಳುತ್ತದೆ, ಯಾರದನ್ನು ಬಿಡುತ್ತದೆ ಎಂಬ ಪ್ರಶ್ನೆ ಅಷ್ಟು ಬಯಲಾಗಿ ಹಿಂದೆಂದೂ ಎದ್ದಿರಲಿಲ್ಲ. ಆ ದಶಕದ ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ಈ ಪ್ರಕರಣವೂ ಒಂದು ಪ್ರೇರಣೆ. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಯನ್ನು ಪರಿಷತ್ತು ಒಪ್ಪಲಿಲ್ಲ. ಸಾಹಿತ್ಯದಲ್ಲಿ ಜಾತಿಯ ವಿಂಗಡಣೆ ಸಲ್ಲದು ಎಂಬುದು ಅಲ್ಲಿನ ನಿಲುವು. ತತ್ತ್ವವಾಗಿ ಆ ವಾದಕ್ಕೆ ತೂಕವಿದೆ. ಆದರೆ ವೇದಿಕೆಯಲ್ಲಿ ಕೂತವರ ಪಟ್ಟಿ ನೋಡಿದರೆ ವಿಂಗಡಣೆ ಮೊದಲೇ ನಡೆದುಹೋಗಿತ್ತು. ಇದಕ್ಕೆ ಪ್ರತಿಯಾಗಿ ಅದೇ ವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದ್ದೂ 1979ರಲ್ಲೇ. ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಮೊದಲ ಮಹಿಳೆಯಾಗಿ ಜಯದೇವಿತಾಯಿ ಲಿಗಾಡೆ ಬಂದದ್ದು 1974ರಲ್ಲಿ, ಸಮ್ಮೇಳನಗಳು ಶುರುವಾಗಿ 59 ವರ್ಷಗಳ ನಂತರ.

ಪ್ರತ್ಯೇಕ ವೇದಿಕೆಗಳು ಸಮಾಜವನ್ನು ಒಡೆಯುತ್ತವೆ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳದಂತೆ ಮಾಡುತ್ತವೆ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಕನ್ನಡದ ಅನುಭವ ಬೇರೆ ದಿಕ್ಕನ್ನು ತೋರಿಸುತ್ತದೆ. ದಲಿತ ಕವಿ ಸಿದ್ಧಲಿಂಗಯ್ಯ 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬಂಡಾಯ ಸಂಘಟನೆಯ ಮುಂಚೂಣಿಯಲ್ಲಿದ್ದ ಬರಗೂರು ರಾಮಚಂದ್ರಪ್ಪ 2016ರಲ್ಲಿ ರಾಯಚೂರಿನಲ್ಲಿ ಅದೇ ಪೀಠದಲ್ಲಿ ಕೂತರು. ಹೊರಗೆ ನಿಂತು ಆಡಿದ ಮಾತು ಒಳಗಿನವರ ಕಿವಿಗೆ ಬೀಳಲು ಮೂರೂವರೆ ದಶಕ ಹಿಡಿದರೂ, ಬಿದ್ದದ್ದಂತೂ ನಿಜ. ಜಗಳ ಅಲ್ಲಿಗೆ ತೀರಲಿಲ್ಲ. 2023ರ ಜನವರಿಯಲ್ಲಿ ಹಾವೇರಿಯ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರನ್ನು ಕಡೆಗಣಿಸಲಾಗಿದೆ ಎಂದು ಆಕ್ಷೇಪಿಸಿದವರು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಸಿದರು. ಪರಿಷತ್ತು ಆ ಆರೋಪವನ್ನು ಒಪ್ಪಲಿಲ್ಲ. ಹಾವೇರಿಯಲ್ಲಿ ಕೊನೆಯ ದಿನದ ಗೋಷ್ಠಿಗಳು ನಡೆಯುತ್ತಿದ್ದ ಜನವರಿ 8ರಂದೇ ಬೆಂಗಳೂರಿನ ಸಭೆಯೂ ಸೇರಿತ್ತು.